ಅಸಲಿ ಹಟ್ಟಿ

"ಮೊದ್ಲ ಆ ಪ್ಯಾಂಟ್ ಬಿಚ್ಚಲೇ! ಯಾವ ಕುರುಬ ಪ್ಯಾಂಟ್ ಹಾಕ್ಕೊಂಡ ಕುರಿ ಕಾಯ್ತಾನಲೇ, ಹುಚ್ಚ ಸೂಳೆಮಗನ?"

ಸಾಹುಕಾರ ಶಾಂತಲಿಂಗಪ್ಪನವರು ಹೀಗೆ ಒದರಿದ್ದು ನನ್ನ ಗಂಡ ಅಮೋಗಸಿದ್ಧನ ಮೇಲೆ. ಹಾಡಹಗಲು, ಅಕ್ಕಲಕೋಟ ರಸ್ತೆಯ ಅವರ ತೋಟದ ಕಮಾನಿನ ಕೆಳಗೆ, ಪುಣೆ ಕಡೆಯ ಎರಡು ಕಾರು ಒಳಗೆ ಬರುವ ಹೊತ್ತಿಗೆ ಸರಿಯಾಗಿ. ಕಾರಿನ ಗಾಜು ಇಳಿದವು. ಒಳಗಿದ್ದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಆ ಪ್ಯಾಂಟಿನ ಅರಿವೆ ಸೊಲ್ಲಾಪುರದ ನವಿ ಪೇಠದ ಸಾಹುಕಾರರ ಅಂಗಡಿಯದೇ. ಅಳೆದು ಹರಿದು ಕೊಟ್ಟವರೂ ಅವರೇ. "ಇನ್ಮ್ಯಾಲ ಸೊಲ್ಲಾಪುರದಾಗ ಇರಾವ, ಧೋತರಾ ಬಿಡೋ ಅಮೋಗ್ಯಾ" ಎಂದು ಬೆನ್ನು ಚಪ್ಪರಿಸಿದ್ದರು. ಮಗಳ ಮದುವೆಯ ವಯಸ್ಸಿಗೆ ನನ್ನ ಗಂಡ ಮೊದಲ ಸಲ ಪ್ಯಾಂಟು ಹಾಕಿಕೊಂಡು, ಜಿಪ್ಪು ಎಳೆಯಲು ಬಾರದೆ ನಾಚಿಕೊಂಡು ನಿಂತಿದ್ದ. ಅದನ್ನು ಈಗ ಬಿಚ್ಚಬೇಕು. ಬಿಚ್ಚಿದ. ಗಿರಾಕಿಗಳಿಗೆ ತೋರಿಸಲೆಂದು ತೋಟದಲ್ಲಿ ಸಾಕಿದ ನಾಲ್ಕು ಕುರಿಗಳ ಮರೆಗೆ ಹೋಗಿ ಧೋತರ ಸುತ್ತಿ, ಕೆಂಪು ರುಮಾಲು ಕಟ್ಟಿ, ಹೆಗಲಿಗೆ ಕಂಬಳಿ ಏರಿಸಿ, ಬಡಿಗೆ ಹಿಡಿದು ಬಂದು ಕಾರುಗಳ ಮುಂದೆ ನಿಂತು "ಏಳಕೋಟ ಏಳಕೋಟ, ಜೈ ಮಲ್ಹಾರ!" ಎಂದು ಕೂಗಿದ. ಮೈಲಾರನಿಗೆ ಕೂಗುವುದನ್ನು ಕಾರಿಗೆ ಕೂಗುವುದೇ ಅವನ ನೌಕರಿ.

ಥಂಡಿ ಬಂತೆಂದರೆ ನಮ್ಮ ಕಡೆ ಸೀತನಿಯ ಹುಚ್ಚು. ಹಾಲುಗಾಳಿನ ಜೋಳದ ತೆನೆಯನ್ನು ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಮುಕ್ಕುವುದು. ಮೊದಲು ಹೊಲ ಇದ್ದವರು ಬಂಧುಬಳಗವನ್ನು ಕರೆದು ತಿನ್ನಿಸುತ್ತಿದ್ದರು. ಈಗ ಅದಕ್ಕೂ ಟಿಕೀಟು. ಸಾಹುಕಾರರ ಸೊಸೆ ಪೂನಮ ಮಾವನ ಹೊಲದ ನಡುವೆ 'ಧನಗರ ವಾಡಾ', ಅಂದರೆ ಕುರುಬರ ಹಟ್ಟಿ, ಎಂದು ಎಬ್ಬಿಸಿದ್ದಳು. ಸುತ್ತಲೂ ಆಳೆತ್ತರದ ತಂತಿ ಜಾಳಿಗೆ, ಅದು ಕಾಣದಂತೆ ಬಿದಿರಿನ ತಟ್ಟಿ, ಒಳಗೆ ಹೋಗಲು ಒಂದೇ ದಾರಿ, ನಡುವೆ ಒಂದು ಗುಡಿಸಲು, ಗುಡಿಸಲ ಮುಂದೆ ಬೀಸುಕಲ್ಲು, ಬೀಸುಕಲ್ಲಿನ ಮುಂದೆ ನಾನು. ಚಂದ್ರಭಾಗಾ. ಹಿಟ್ಟು ಬೇಕಾಗಿರಲಿಲ್ಲ, ಅಡುಗೆಮನೆಗೆ ಚಕ್ಕಿಯಿಂದ ಚೀಲ ಚೀಲ ಬರುತ್ತಿತ್ತು. ನಾನು ಬರಿಗಲ್ಲನ್ನೇ ತಿರುಗಿಸಬೇಕು. ಮಂದಿ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಮಾವಶಿ, ಇಕಡೇ ಬಘಾ, ಹಸಾ!" ಇತ್ತ ನೋಡು, ನಗು ಎಂದು. ನಗುತ್ತಿದ್ದೆ. ಹಲ್ಲು ನನ್ನ ಅಪ್ಪನ ಮನೆಯದು, ಖರ್ಚೇನೂ ಇಲ್ಲ.

ನಾವು ಮಂಗಳವೇಢೆ ಕಡೆಯ ಮರವಡೆ ಊರಿನವರು. ದಸರೆ ಮುಗಿಯಿತೆಂದರೆ ಕುರಿ ಹೊಡೆದುಕೊಂಡು, ಕುದುರೆಯ ಮೇಲೆ ಗಡಿಗೆ ಮಡಿಕೆ ಹೇರಿ ಈ ಕಡೆ ಬರುವವರು. ರೈತರ ಹೊಲಗಳಲ್ಲಿ ಹಿಂಡು ನಿಲ್ಲಿಸಿದರೆ ಅವರಿಗೆ ಗೊಬ್ಬರ, ನಮಗೆ ಜೋಳ. ಸಾಹುಕಾರರ ಹೊಲಕ್ಕೆ ನನ್ನ ಮಾವನ ಕಾಲದಿಂದ ನಮ್ಮದೇ ಹಿಂಡು. ಮಳೆಗಾಲದಲ್ಲಿ ಊರು, ಉಳಿದಂತೆ ಅಡವಿ. ಅದು ಸುಖವಾಗಿತ್ತೆಂದು ಈಗ ಹಾಡಿ ಹೊಗಳುವುದಿಲ್ಲ. ಒದ್ದೆ ಕಂಬಳಿಯಲ್ಲಿ ಬಾಣಂತನ ಮಾಡಿಕೊಂಡವಳು ನಾನು. ಮಗಳು ಛಾಯಾ ಹುಟ್ಟಿದ್ದು ಒಂದು ಹಳ್ಳದ ದಂಡೆಯಲ್ಲಿ, ತೋಳ ಬರುತ್ತದೆಂದು ನಾಯಿಗಳು ಒದರುತ್ತಿದ್ದವು.

ಅದಕ್ಕೇ ನನಗೆ ಬಾಗಿಲಿನ ಹುಚ್ಚು ಹಿಡಿದಿತ್ತು. ಸೊಲ್ಲಾಪುರದ ಒಳಗೆ ಹಿಂಡು ದಾಟಿಸುವಾಗ ವಿಜಾಪುರ ರಸ್ತೆಯ ಮನೆಗಳನ್ನು ನೋಡುತ್ತಿದ್ದೆ. ಹೆಂಗಸರು ಹೊರಗೆ ಬರುತ್ತಿದ್ದರು, ನಮ್ಮ ಕುರಿ ಕಂಡು ಮೂಗು ಮುಚ್ಚುತ್ತಿದ್ದರು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿನ ಚಿಲಕದ ಸಪ್ಪಳ ಬೀದಿಗೆ ಕೇಳಿಸುತ್ತಿತ್ತು. ಆ ಸಪ್ಪಳ ಮಾಡುವ ಹೆಂಗಸು ನಾನಾಗಬೇಕು ಎಂದು ನನಗೆ ಎಷ್ಟು ಆಸೆಯಾಗುತ್ತಿತ್ತೆಂದರೆ, ಹೇಳಿದರೆ ನಗುತ್ತೀರಿ.

ಸಾಹುಕಾರರಿಗೆ ನನ್ನ ಈ ಹುಚ್ಚು ಹೇಗೆ ಗೊತ್ತಾಯಿತೋ. ಒಂದು ಸಂಜೆ ಹೊಲಕ್ಕೆ ಬಂದು, ನಮ್ಮ ಕಂಬಳಿಯ ಮೇಲೆ ಕೂತು, ನಾನು ಬಡಿದ ರೊಟ್ಟಿ ತಿನ್ನುತ್ತಾ ಹೇಳಿದರು.

"ಎಷ್ಟಂತ ತಿರಗ್ತೀರೋ ಅಮೋಗ್ಯಾ? ಪೋರಿ ಶಾಣ್ಯಾಕಿ ಅದಾಳ, ಸೊಲ್ಲಾಪುರದಾಗ ಕಾಲೇಜಿಗಿ ಹಾಕು. ವಿಜಾಪುರ ರೋಡಿಗಿ ನನ್ನ ಬಿಲ್ಡಿಂಗ್ ಐತಿ. ನಳ ಐತಿ, ಪಂಖಾ ಐತಿ. ಕುರಿ ಮಾರಿ ಬಂದ ಬಿಡ್ರಿ. ತೋಟದಾಗ ನೌಕರಿ, ತಿಂಗಳಾ ತಿಂಗಳಾ ಪಗಾರಾ."

"ಕುರಿ ಮಾರೂದ್ರಿ?" ನನ್ನ ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಬಿರೋಬಾ ಕೊಟ್ಟಾವ್ರಿ ಅವು."

"ಬಿರೋಬಾ ಬರೇ ಕುರಿ ಕೊಡ್ತಾನ, ನಾ ಮನಿ ಕೊಡ್ತೀನಿ."

"ಬಾಗಲಾ ಇರ್ತದೇನ್ರಿ ಅದಕ್ಕ?" ಎಂದು ಒಲೆಯ ಮುಂದಿನಿಂದ ಕೇಳಿದವಳು ನಾನೇ. ಸಾಹುಕಾರರು ನಕ್ಕುಬಿಟ್ಟರು. "ಬಾಗಲಾ ಇಲ್ದ ಮನಿ ಇರ್ತದೇನ ಹುಚ್ಚಿ?" ಎಂದರು.

ನನ್ನ ಗಂಡ ಸೊಂಟದ ಚೀಲ ಬಿಚ್ಚಿ ಭಂಡಾರ ಹಿಡಿದ. ನಮ್ಮ ಕುಲದೇವರು ಬಿರೋಬಾನ ಮುಂದಿನ ಹಳದಿ ಪುಡಿ. ಸಾಹುಕಾರರು ಹಿಂದೆಮುಂದೆ ನೋಡದೆ ಅದರಲ್ಲಿ ಬೆರಳಿಟ್ಟು ಹಣೆಗೆ, ವಿಭೂತಿಯ ಕೆಳಗೆ, ಹಚ್ಚಿಕೊಂಡರು. "ಮನಿ ಕೊಡ್ತೀನಿ. ನಿಮ್ಮ ಬಿರೋಬಾನ ಆಣಿ" ಎಂದರು. ಮುಗಿಯಿತು. ನಮ್ಮಲ್ಲಿ ಭಂಡಾರ ಮುಟ್ಟಿದ ಮೇಲೆ ಮಾತಿಲ್ಲ. ಕೊಲೆಯ ಜಗಳ ಅದರ ಮೇಲೆ ಮುಗಿಯುತ್ತದೆ, ಮದುವೆ ಅದರ ಮೇಲೆ ನಿಲ್ಲುತ್ತದೆ. ಅದಾದ ಮೇಲೂ ಯಾವ ಮನೆ, ಎಲ್ಲಿ, ಯಾವಾಗ ಎಂದು ಬಾಯಿ ತೆರೆದರೆ ದೇವರ ಮೇಲೇ ಅನುಮಾನ ಪಟ್ಟಂತೆ. ನಾವು ಬಾಯಿ ತೆರೆಯಲಿಲ್ಲ.

ಮೈದುನ ರೇವಣ್ಣ ಮಾತ್ರ ಹೇಳಿದ. "ಅಣ್ಣಾ, ಆಂವ ಬಿರೋಬಾನ ಒಕ್ಕಲಲ್ಲ. ನಿನಗ ಅದು ಭಂಡಾರ. ಅವಂಗ ಅದು ಅರಿಷಿಣ."

ನಾನು ಅವನ ಮೇಲೆ ಹರಿಹಾಯ್ದೆ. ನಮ್ಮ ಏಳ್ಗೆ ಕಂಡು ನಿನ್ನ ಹೊಟ್ಟೆ ಉರಿಯುತ್ತದೆ ಎಂದೆ. ಅರ್ಧ ಕುರಿ ಅವನೇ ಕೊಂಡ, ಅರ್ಧ ಮಂಗಳವೇಢೆಯ ಸಂತೆಗೆ ಹೋದವು. ಊರ ಕೋಣೆಯನ್ನೂ ಅವನಿಗೇ ಬಿಟ್ಟುಕೊಟ್ಟೆವು. ಬಂದ ರೊಕ್ಕದಲ್ಲಿ ಸಿಟಿ ಮನೆಗೆ ಬೇಕಾದದ್ದೆಲ್ಲ ಕೊಂಡೆವು. ಕಬ್ಬಿಣದ ಮಂಚ, ಕಪಾಟು, ಫ್ರಿಜ್ಜು. ಬಾಗಿಲಿಗೆ ಕಟ್ಟಲೆಂದು ಒಂದು ಮಣಿಯ ತೋರಣ. ತೋರಣ ನಾನೇ ಆರಿಸಿದ್ದು, ನವಿ ಪೇಠದಲ್ಲಿ.

ಟೆಂಪೋ ವಿಜಾಪುರ ರಸ್ತೆಗೆ ಹೋಗಲಿಲ್ಲ. ಸೀದಾ ತೋಟಕ್ಕೆ ಬಂತು. ಸಾಹುಕಾರರು ಗುಡಿಸಲ ಕಡೆ ಬೆರಳು ಮಾಡಿ "ತೊಗೊ, ಇದs ನಿಮ್ಮ ಮನಿ" ಎಂದರು. ಹುಲ್ಲಿನ ಮಾಡು, ಮಣ್ಣು ಮೆತ್ತಿದ ಗೋಡೆ, ಗೋಡೆಯ ಮೇಲೆ ಬಿಳಿ ಸುಣ್ಣದಲ್ಲಿ ಕುರಿ ಚಿತ್ರ. ಬಾಗಿಲು ಇರಬೇಕಾದ ಕಡೆ ಗಾಳಿ.

"ವಿಜಾಪುರ ರೋಡಿನ ಖೋಲಿರಿ?"

"ಅಲ್ಲಿ ಸದ್ಯೇಕ ಭಾಡಗಿಯವ್ರು ಅದಾರ. ನೋಡೂಣಂತ."

ಮಂಚ, ಕಪಾಟು 'ಲುಕ್ಕಿಗೆ' ಹೊಂದುವುದಿಲ್ಲವೆಂದು ಪೂನಮ ಗೋದಾಮಿಗೆ ಹಾಕಿಸಿದಳು. ನನ್ನ ಫ್ರಿಜ್ಜು ಅವಳ ಅಡುಗೆಮನೆಯಲ್ಲಿ ಗಿರಾಕಿಗಳ ಕೋಲ್ಡ್ರಿಂಕ್ಸ್ ಕಾಯುತ್ತಾ ನಿಂತಿತು. ಅದಕ್ಕಾದರೂ ಬಾಗಿಲಿತ್ತು.

ದಿನಾ ಒಂದು ಅವತಾರ. ಒಬ್ಬಳು ನನ್ನ ರೊಟ್ಟಿ ಬುಟ್ಟಿ ತೆರೆದು ಮೂಸಿ ನೋಡಿದಳು. ಒಬ್ಬ ಹುಡುಗ ನನ್ನ ಗಂಡನ ಮೀಸೆ ಎಳೆದು ಖರೆಯೋ ಸುಳ್ಳೋ ಪರೀಕ್ಷೆ ಮಾಡಿದ, ಅವರಪ್ಪ ಅದನ್ನು ವಿಡಿಯೋ ಮಾಡಿಕೊಂಡ. ಕುರಿ ವಾಸನೆ ಬರುತ್ತದೆಂದು ಯಾರೋ ದೂರಿದ ಮೇಲೆ ಪೂನಮ ನಮಗೆ ಮೂವರಿಗೂ ಪೌಡರ್ ಡಬ್ಬಿ ಕೊಟ್ಟಳು. ಭಂಡಾರ ಹಾರಿಸಿದರೆ ಗಿರಾಕಿಗಳ ಅರಿವೆಗೆ ಕಲೆ ಬೀಳುತ್ತದೆಂದು ಅದನ್ನೂ ಬಂದ್ ಮಾಡಿಸಿ, ನೀರಿನಲ್ಲಿ ತೊಳೆದರೆ ಹೋಗುವ ಹಳದಿ ಬಣ್ಣದ ಚೀಲ ತಂದಿಟ್ಟಳು. ನನ್ನ ಗಂಡ ಅವತ್ತು ಊಟ ಮಾಡಲಿಲ್ಲ.

ಇದೆಲ್ಲ ಹೆಂಗೋ ನುಂಗಿಕೊಂಡೆವು. ನುಂಗಲಾರದ್ದು ಛಾಯಾಳದು.

ಅವಳು ಸೊಲ್ಲಾಪುರದ ಕಾಲೇಜಿನಲ್ಲಿ ಹನ್ನೊಂದನೇ ಇಯತ್ತೆ. ಒಂದು ದಿನ ಮಧ್ಯಾಹ್ನದ ಎಸ್.ಟಿ. ಬಸ್ಸಿಗೆ ಬಂದು ಗುಡಿಸಲ ಮೂಲೆಯಲ್ಲಿ ಅರಿವೆ ಬದಲಿಸುತ್ತಿದ್ದಳು. ನಾನು ಹೊರಗೆ ಬರಿಗಲ್ಲು ಬೀಸುತ್ತಿದ್ದೆ. ಪಕ್ಕದಲ್ಲೊಬ್ಬಳು ಹೊಸ ಮದುಮಗಳು ಹಲ್ಲು ಕಿಸಿದು ಕೂತಿದ್ದಳು. ಅಷ್ಟರಲ್ಲಿ ಒಬ್ಬ ಗಂಡಸು ಕೈಯಲ್ಲಿ ಫೋನು ಎತ್ತಿ ಹಿಡಿದು, "ಹೇ ಪಹಾ, ಖರಂಖುರಂ ಧನಗರಾಚಂ ಘರ" ನೋಡಿ, ಖರೇಖರೇ ಕುರುಬರ ಮನೆ ಎಂದು ಯಾರಿಗೋ ಹೇಳುತ್ತಾ ಸೀದಾ ಒಳಗೆ ನುಗ್ಗಿದ. ಛಾಯಾ ಚೀರಿದಳು. ನಾನು ಓಡಿದೆ. ಅವನು ನಿಂತೇ ಇದ್ದ, ಫೋನೂ ಎತ್ತಿಯೇ ಇತ್ತು.

"ನಿನ್ನ ಹೆಣಾ ಎತ್ತಲಿ, ಹೊರಗ ನಡಿಯಲೇ ಭಾಡ್ಯಾ!" ಎಂದೆ.

"ಓ ಮಾವಶಿ, ನೀಟ ಬೋಲಾ. ತಿಕೀಟ ಕಾಢಲಂಯ ಆಮ್ಹೀ!" ಸರಿಯಾಗಿ ಮಾತಾಡು, ಟಿಕೀಟು ತೆಗೆಸಿದ್ದೇವೆ ಎಂದ.

ಪೂನಮ ಬಂದು ಅವನಿಗೆ ಸಾರಿ ಹೇಳಿದಳು. ಅವನಿಗೆ. ವಿಡಿಯೋ ಅಳಿಸಿದೆ ಎಂದ, ಅಳಿಸಿದನೋ ಇಲ್ಲವೋ ನಮಗೇನು ಗೊತ್ತು? ಯಾರ ಯಾರ ಫೋನಿನಲ್ಲಿ ನನ್ನ ಮಗಳು ಇದ್ದಾಳೋ ಇವತ್ತಿಗೂ ತಿಳಿಯದು. ಅಂದಿನಿಂದ ಛಾಯಾ ಅರಿವೆ ಬದಲಿಸುವುದನ್ನೇ ಬಿಟ್ಟಳು. ಕಾಲೇಜಿನ ಡ್ರೆಸ್ಸಿನಲ್ಲೇ ಮಲಗುತ್ತಿದ್ದಳು, ಕಾಲೇಜಿನ ಪಾಯಖಾನೆಯಲ್ಲಿ ಬದಲಿಸುತ್ತಿದ್ದಳು. ಒಂದು ಮುಂಜಾನೆ ತಲೆ ಬಾಚಿಸಿಕೊಳ್ಳುತ್ತಾ ಕೇಳಿದಳು.

"ಯವ್ವಾ, ಹಿಂಡಿನ್ಯಾಗ ಇದ್ದಾಗ ನಾ ಅರಿವಿ ಎಲ್ಲಿ ಬದಲಾ ಮಾಡ್ತಿದ್ದೆ?"

"ಕುರಿ ನಡುವ. ನಾ ಕಂಬಳಿ ಅಡ್ಡ ಹಿಡೀತಿದ್ದೆ."

"ಆವಾಗ ಯಾರರೆ ನೋಡ್ತಿದ್ರೇನ?"

"ಕುರಿ ನೋಡ್ತಿದ್ವು."

ಅವಳು ನಗಲಿಲ್ಲ. "ನಿನಗ ಬಾಗಲಾ ಬೇಕಾಗಿತ್ತಲ್ಲ" ಎಂದಳು, ಅಷ್ಟೇ. ಅರ್ಧ ಹೆಣೆದ ಜಡೆ ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆದೆ. ಯಾರನ್ನು ಬೈಯಲಿ? ಸಾಹುಕಾರರನ್ನೋ, ಮೂಗು ಮುಚ್ಚಿಕೊಂಡು ಚಿಲಕ ಹಾಕಿದ ಹೆಂಗಸರನ್ನೋ, ನನ್ನನ್ನೋ?

ಸೋಮವಾರ ತೋಟಕ್ಕೆ ರಜೆ. ಗಂಡನನ್ನು ಎಬ್ಬಿಸಿಕೊಂಡು ನವಿ ಪೇಠಕ್ಕೆ ಹೋದೆ. ಸಾಹುಕಾರರು ಗಾದಿಯ ಮೇಲೆ ಕೂತಿದ್ದರು, ಅಂಗಡಿ ತುಂಬ ಮದುವೆ ಜವಳಿಯ ಮಂದಿ. ನಮ್ಮನ್ನು ಚಪ್ಪಲಿ ಬಿಡುವ ಜಾಗದಲ್ಲಿ ನಿಲ್ಲಿಸಿದರು. ಒಂದು ಮದುವೆಯ ಜವಳಿಯಿಡೀ ಹರಿದು ಮುಗಿದ ಮೇಲೆ ನಮ್ಮ ಕಡೆ ತಿರುಗಿದರು.

"ಏನ ಬಂದಿ?"

"ಗುಡಿಸಲಕ್ಕ ಒಂದ ಬಾಗಲಾ ಬೇಕ್ರಿ. ಪೋರಿ ದೊಡ್ಡಾಕಿ ಆಗ್ಯಾಳ್ರಿ."

"ಬಾಗಲಾ!" ಸಾಹುಕಾರರು ಗಿರಾಕಿಗಳ ಕಡೆ ನೋಡಿದರು. "ಕೇಳ್ರೆಪಾ ಇಲ್ಲಿ. ಇವರ ಮುತ್ಯಾನ ಮುತ್ಯಾ ಅಡವ್ಯಾಗ ಮಲಕ್ಕೊಂಡಾಂವ. ಈಕಿಗಿ ಬಾಗಲಾ ಬೇಕಂತ!"

ಮಂದಿ ನಕ್ಕರು. ನನ್ನ ಗಂಡ ನೆಲ ನೋಡುತ್ತಾ, ದೇವರ ಮುಂದೆ ನಿಂತವನ ಹಾಗೆ ಕೈ ಮುಗಿದು ಹೇಳಿದ. "ಸಾವಕಾರ್ರ, ಭಂಡಾರ ಮುಟ್ಟೀರಿ."

"ಮುಟ್ಟೀನಿ. ಮನಿ ಕೊಡ್ತೀನಂದೆ, ಕೊಟ್ಟೀನಿ. ಆಣಿ ಮುರದೀನೇನ? ಬಾಗಲಾ ಕೊಡ್ತೀನಂತ ಭಂಡಾರ ಮುಟ್ಟಿದ್ನೇನ?"

ಒಲೆಯ ಮುಂದೆ ಕೂತು ಬಾಗಿಲಿನ ಮಾತು ಕೇಳಿದವಳು ನಾನು, ಅವರು ನಕ್ಕಿದ್ದೂ ನೆನಪಿದೆ. ನಕ್ಕದ್ದು ಭಂಡಾರ ಮುಟ್ಟುವ ಮೊದಲು. ಮುಟ್ಟಿದ ಮೇಲೆ ಅಂದದ್ದು ಬರೀ ಮನೆ. ನಮ್ಮ ದೇವರನ್ನೇ ನಮಗಿಂತ ಚೊಕ್ಕ ಅಳೆದು ಹರಿದು ಕೊಟ್ಟಿದ್ದರು ಆ ಅರಿವೆ ಸಾಹುಕಾರರು. ಫೋನಿನಲ್ಲಿ ಸೊಸೆಯನ್ನೂ ಕೇಳಿದರು. ಅವಳ ದನಿ ನಮ್ಮ ತನಕ ಕೇಳಿಸಿತು. "ನಕೋ ನಕೋ ಮಾಮಾ! ಅಸಲಿ ಫೀಲ್ ಹೋಗತೈತಿ. ಹಟ್ಟಿಗಿ ಎಲ್ಲಿ ಬಾಗಲಾ ಇರ್ತದರಿ?"

"ಕೇಳಿದಿಲ್ಲ? ನಡೀರಿ ಇನ್ನ" ಎಂದು ಸಾಹುಕಾರರು ಮುಂದಿನ ಗಂಟು ಬಿಚ್ಚಿದರು.

ತಿರುಗಿ ಬಂದು ನನ್ನದೊಂದು ಸೀರೆಯನ್ನು ಬಾಗಿಲಿಗೆ ಇಳಿಬಿಟ್ಟೆ. ಮಂಗಳವಾರ ಬೆಳಗ್ಗೆ ಪೂನಮ ಅದನ್ನು ಕಿತ್ತು ಮಡಿಸಿ ನನ್ನ ಕೈಗೆ ಕೊಟ್ಟಳು. ಅದೇ ಸಂಜೆ ಅಲ್ಲೊಂದು ಮರಾಠಿಯಲ್ಲಿ ಬರೆದ ಹಲಗೆ ಬಂತು. ಛಾಯಾ ಓದಿ ಹೇಳಿದಳು. "ಒಳಗ ಬರ್ರಿ, ನೋಡ್ರಿ, ಅಂತ ಬರದಾರ."

ಮರುವಾರ ರೇವಣ್ಣನ ಹಿಂಡು ಅದೇ ರಸ್ತೆಯಲ್ಲಿ ಬಂತು. ಗಂಟೆ ಸಪ್ಪಳ ಕೇಳಿ ನಾನು ಬೀಸುಕಲ್ಲು ಬಿಟ್ಟು ಕಮಾನಿನ ತನಕ ಓಡಿದೆ. ನನ್ನ ಕೈಯಲ್ಲಿ ಹುಟ್ಟಿದ ಕುರಿಗಳಿದ್ದವು ಅದರಲ್ಲಿ, ಎದೆಗವುಚಿಕೊಂಡು ಹಾಲು ಕುಡಿಸಿದವು. "ಹರ್ರ್ ಹರ್ರ್" ಎಂದು ಕರೆದೆ. ಒಂದು ಮುದಿ ಕುರಿ ಹತ್ತಿರ ಬಂತು, ಮೂಸಿತು, ಫುಸ್ಸೆಂದು ಸೀನಿ ತಿರುಗಿ ಹೋಯಿತು. ಮೈಗೆ ಪೂನಮಳ ಪೌಡರು ಬಡಿದುಕೊಂಡಿದ್ದೆನಲ್ಲ.

"ಏನ ವೈನಿ, ಸಿಟಿ ಬಾಯಿ! ಕುರಿಗಿ ಸುದ್ದಾ ಗುರ್ತು ಸಿಗವಲ್ದು ನಿಂದು" ಎಂದ ರೇವಣ್ಣ. ಚೇಷ್ಟೆಗೆ ಅಂದದ್ದು. ನಾನು ರಸ್ತೆಯ ನಡುವೆ ನಿಂತು ಗಳಗಳ ಅತ್ತುಬಿಟ್ಟೆ.

"ನಿನ್ನ ಜೋಡಿ ಬರ್ತೀವೋ ರೇವಣ್ಣಾ. ಕರ್ಕೊಂಡ ಹೋಗೋ."

ಅವನು ಬಹಳ ಹೊತ್ತು ರುಮಾಲು ಸರಿಮಾಡಿಕೊಂಡ. "ಬರ್ರಿ ವೈನಿ, ನಾ ಒಲ್ಲೆ ಅಂತೀನೇನ? ಆದ್ರ ಅಣ್ಣಾ ತನ್ನ ಹಿಂಡ ತಾ ಮಾರಿ, ತಮ್ಮನ ಹಿಂಡ ಕಾಯಾಕ ಬರ್ತಾನೇನ ಕೇಳ ನೋಡು" ಎಂದ. ಕೇಳುವ ಅಗತ್ಯವಿರಲಿಲ್ಲ. ನನ್ನ ಗಂಡ ಕಮಾನಿನ ಕಂಬದ ಹಿಂದೆ ನಿಂತಿದ್ದ. ತಮ್ಮನಿಗೆ ಆ ವೇಷ ಕಾಣಬಾರದೆಂದು.

ಸೀತನಿಯ ಕಾಲ ಮುಗಿಯುತ್ತ ಬಂದಾಗ ಜಿಲ್ಲೆಯ ದೊಡ್ಡ ಸಾಹೇಬರೊಬ್ಬರು ಹೆಂಡತಿ, ಗೆಳೆಯರು, ಅವರ ಹೆಂಡಿರು ಎಲ್ಲರನ್ನೂ ಕರೆದುಕೊಂಡು ಬರುವುದೆಂದಾಯಿತು. ತೋಟದ ಯಾವುದೋ ಪರವಾನಗಿಯ ಗಂಟು ಅವರ ಕೈಯಲ್ಲಿತ್ತಂತೆ. ಬೆಳಗಿನಿಂದ ಪೂನಮಳ ಕಾಲು ನೆಲಕ್ಕಿರಲಿಲ್ಲ.

"ಸಾಹೇಬರಿಗಿ ನಾಟಕಾ ಬ್ಯಾಡಂತ. ಅಸಲಿ ಬೇಕಂತ. ಹೊತ್ತ ಮುಣಗೂ ಮುಂದ ಹಟ್ಟ್ಯಾಗ ಖರೇಖರೇ ಏನೇನ ಮಾಡ್ತೀರಿ, ಅದನ್ನೆಲ್ಲಾ ಮಾಡ್ರಿ."

"ಎಲ್ಲಾ ಮಾಡ್ಲೇನ್ರಿ ಬಾಯಿ?" ಎಂದು ಕೇಳಿದ ನನ್ನ ಗಂಡ.

"ಎಲ್ಲಾ."

"ಏನೂ ಬಿಡದಂಗ?"

"ಅರೇ, ಏನೂ ಬಿಡದಂಗ! ಕಿತೀ ವೇಳಾ ಸಾಂಗೂ?" ಎಷ್ಟು ಸಲ ಹೇಳಲಿ ಎಂದು ಸಿಡುಕಿದಳು.

ಅವನು ಕೊಡಲಿ ತೆಗೆದುಕೊಂಡು ಹಳ್ಳದ ಕಡೆ ಹೋದ. ಮಧ್ಯಾಹ್ನದ ತನಕ ಜಾಲಿ ಕಡಿದು ಕಡಿದು, ಎಳೆದು ತಂದು ವಾಡಾದ ದಾರಿಯ ಪಕ್ಕದಲ್ಲಿ ಒಟ್ಟಿದ. ಏನಲೇ ಇದೆಲ್ಲ ಎಂದು ಅಡುಗೆಯವರು ಕೇಳಿದರೆ, ಪೂನಮ ಬಾಯಿ ಹೇಳ್ಯಾಳ ಎಂದ. ಅವನ ಅಂಗೈ ತುಂಬ ರಕ್ತ. ಮುಖ ಮಾತ್ರ ಎಷ್ಟೋ ತಿಂಗಳ ಮೇಲೆ ನೆಟ್ಟಗಿತ್ತು. ನನಗೆ ಅರ್ಥವಾಯಿತು. ನಾನು ಸುಮ್ಮನೆ ನನ್ನ ಸೀರೆಯ ಕಚ್ಚೆ ಬಿಗಿದುಕೊಂಡು ಮುಳ್ಳು ಎಳೆಯಲು ಹೋದೆ.

ಹೊತ್ತು ಇಳಿಯುತ್ತಿರುವಾಗ ಅವರು ಬಂದರು. ಒಳಗೆ ಕೆಂಡ, ಸೀತನಿ, ಬೆಲ್ಲ, ಮೊಸರು. ಬೊಗಸೆ ಬೊಗಸೆ ಮುಕ್ಕಿದರು, ಮೇಲೆ ಗಿಂಡಿಗಟ್ಟಲೆ ಮಜ್ಜಿಗೆ ಕುಡಿದರು. ಸಾಹುಕಾರರೇ ಕೈಯಾರೆ ಬಡಿಸಿದರು. ಆಮೇಲೆ ಎಲ್ಲರನ್ನೂ ನಮ್ಮ ಗುಡಿಸಲಿಗೆ ನುಗ್ಗಿಸಿ ತೋರಿಸಿದರು. ನನ್ನ ಹಾಸಿಗೆ, ನನ್ನ ಗಡಿಗೆ, ಹಗ್ಗದ ಮೇಲಿನ ಛಾಯಾಳ ಒಳಅರಿವೆ.

"ನೋಡ್ರಿ ಸಾಹೇಬ್ರ, ಬಾಗಲಾ ಸುದ್ದಾ ಇಲ್ಲ. ಮುಚ್ಚೂದು ತಗಿಯೂದು ಗೊತ್ತಿಲ್ಲ ಇವರಿಗಿ. ನಮಗಿಂತಾ ಸುಖೀ ಮಂದಿ!"

"ವಾಹ್" ಎಂದರು ಸಾಹೇಬರು. "ಏ ಪೋರಿ, ಇಲ್ಲಿ ಬಾ, ಕೊಡಾ ಹೊತ್ಕೊಂಡ ನಿಂದರು, ಸಾಹೇಬರ ಜೋಡಿ ಒಂದ ಫೋಟೋ" ಎಂದು ಸಾಹುಕಾರರು ಛಾಯಾಳ ರಟ್ಟೆ ಹಿಡಿದರು. ಅವಳು ಕೊಸರಿಕೊಂಡು ನಮ್ಮ ಕಡೆ ಬಂದಳು. "ಹಲ್ಕಟ್ ಪೋರಿ, ಸೊಕ್ಕ ನೋಡ ಇದರದು" ಎಂದು ಸಾಹುಕಾರರು ನಕ್ಕು ಮುಚ್ಚಿ ಹಾಕಿದರು.

ಸೂರ್ಯ ಮುಳುಗಿದ. ಪೂನಮ ಚಪ್ಪಾಳೆ ತಟ್ಟಿ ಎಲ್ಲರೂ ನೋಡಿರೆಂದು ಕೂಗಿದಳು. ಫೋನುಗಳು ಮೇಲೆದ್ದವು. ಛಾಯಾ ತೋಟದ ಆ ನಾಲ್ಕು ಕುರಿ ಹೊಡೆದುಕೊಂಡು ಹೊರಗೆ ಹೋದಳು. ನಾವಿಬ್ಬರೂ ಅವಳ ಹಿಂದೆ ಹೊರಬಿದ್ದೆವು. ನನ್ನ ಗಂಡ ಮೊದಲ ಜಾಲಿ ಎಳೆದು ದಾರಿಗೆ ಅಡ್ಡ ಹಾಕಿದ. ನಾನು ಎರಡನೆಯದು. ಒಂದರ ಮೇಲೊಂದು, ಮುಳ್ಳಿಗೆ ಮುಳ್ಳು ಹೆಣೆದು, ಬುಡ ಹೊರಗೆ, ತುದಿ ಒಳಗೆ. ಕುರಿ ನೂಕಿದಷ್ಟೂ ಬಿಗಿಯಾಗುವ ಹಾಗೆ ಹಾಕುವುದು ನಮ್ಮ ಪದ್ಧತಿ. ತಲೆ ಮುಟ್ಟುವಷ್ಟು ಎತ್ತರವಾಯಿತು. ಒಳಗಿನವರು ಚಪ್ಪಾಳೆ ತಟ್ಟಿದರು. ಒಬ್ಬ ಸಿಳ್ಳೆ ಹಾಕಿದ.

ಸ್ವಲ್ಪ ಹೊತ್ತಿಗೆ ಚಪ್ಪಾಳೆ ನಿಂತಿತು.

"ಹೂಂ, ಆತಲ್ಲ. ತಗೀರಿ ಇನ್ನ" ಎಂದಳು ಪೂನಮ.

"ಹಟ್ಟಿ ಮುಚ್ಚಿದ ಮ್ಯಾಲ ಮುಂಜಾನಿ ಹೊತ್ತ ಹೊಂಡೂ ತನಾ ತಗಿಯೂದಿಲ್ರಿ ಬಾಯಿ" ಎಂದ ನನ್ನ ಗಂಡ. "ಅಸಲಿ ಹಂಗs ಇರ್ತದ್ರಿ."

"ಏ ಅಮೋಗ್ಯಾ! ನಿಮ್ಮೌನ, ತಲಿಗಿಲಿ ಕೆಟ್ಟದೇನಲೇ? ತಗಿ ಮುಳ್ಳ!" ಸಾಹುಕಾರರು ಮುಂದೆ ನುಗ್ಗಿ ಒಂದು ಟೊಂಗೆಗೆ ಕೈ ಹಾಕಿದರು, ಹಾಯ್ ಎಂದು ಕಿತ್ತುಕೊಂಡರು. ಅವರ ಮಲ್ಲಿನ ಅಂಗಿ ಸಿಕ್ಕಿಕೊಂಡು ಪರ್ ಎಂದು ಹರಿಯಿತು. ಜಾಳಿಗೆ ಹತ್ತಲು ಹೋದ ಸಾಹೇಬರ ಗೆಳೆಯನೊಬ್ಬ ಬಿದಿರು ಮುರಿದು ದೊಪ್ಪೆಂದು ಬಿದ್ದ. ಅಡುಗೆಯವರು ಉದ್ದನೆಯ ಕೋಲಿಗಾಗಿ ಹುಡುಕಾಡಿದರು. ಒಳಗಿದ್ದ ಕೋಲೆಲ್ಲ ನಮ್ಮ ಬಡಿಗೆಗಳೇ, ಅವು ನಮ್ಮ ಕೈಯಲ್ಲಿದ್ದವು. ಸಾಹೇಬರು ಯಾರಿಗೋ ಫೋನು ಹಚ್ಚಿ ಇಂಗ್ಲಿಷಿನಲ್ಲಿ ಒದರುತ್ತಿದ್ದರು.

"ಸಾವಕಾರ್ರ, ಹಟ್ಟಿಗಿ ಬಾಗಲಾ ಇರೂದಿಲ್ಲ ಅಂದಿದ್ರಿ" ಎಂದೆ ನಾನು. "ಖರೆ ಅದ. ಮುಳ್ಳ ಇರ್ತಾವು."

ಕಮಾನಿನ ಆಚೆ ಅಕ್ಕಲಕೋಟ ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ನಮಗೆ ಎಲ್ಲಿಗೂ ಹೋಗಲಿಕ್ಕಿರಲಿಲ್ಲ. ಹಿಂಡಿಲ್ಲ, ಊರಲ್ಲಿ ಕೋಣೆಯಿಲ್ಲ. ಪೋಲೀಸರು ಬರುತ್ತಾರೆಂಬುದು ಗೊತ್ತಿತ್ತು. ನಾನು ಕಂಬಳಿ ಹಾಸಿದೆ, ಮೂವರೂ ಮುಳ್ಳಿನ ಮುಂದೆ ಕೂತೆವು. ಆ ನಾಲ್ಕು ಕುರಿ ಪೂನಮಳ ಹೂವಿನ ಗಿಡಗಳನ್ನು ಮೇಯುತ್ತಿದ್ದವು. ಛಾಯಾ ತಡೆಯಲಿಲ್ಲ.

ಅಷ್ಟರಲ್ಲಿ ಒಳಗೆ ಗುಸುಗುಸು ಶುರುವಾಯಿತು. ಸಾಹೇಬರ ಹೆಂಡತಿ ಗಂಡನ ಕಿವಿಯಲ್ಲಿ ಏನೋ ಹೇಳಿದರು, ಅವರು ಸಿಡುಕಿದರು, ಪೂನಮಳಿಗೆ ಹೇಳಿದರು, ಪೂನಮಳ ಮುಖ ಬಿಳುಪೇರಿತು. ಗಿರಾಕಿಗಳ ಪಾಯಖಾನೆ ಕಾರು ನಿಲ್ಲಿಸುವ ಕಡೆ, ಮುಳ್ಳಿನ ಈಚೆ. ಮಜ್ಜಿಗೆ ಸಾಹೇಬರ ಹೆಂಡತಿಯೆಂದು ಬಿಡುತ್ತದೆಯೇ? ಪಾಪ, ಹೆಂಗಸಿನ ಕಷ್ಟ ನನಗೂ ಗೊತ್ತು. ಅವರು ತಡೆಯಲಾರದೆ ಸೀರೆ ಹಿಡಿದುಕೊಂಡು ನಮ್ಮ ಗುಡಿಸಲೊಳಗೆ ಓಡಿದರು. ಓಡಿದವರು ರೂಢಿಯಂತೆ ತಿರುಗಿ ಕೈ ಚಾಚಿದರು. ಗಾಳಿ ಸಿಕ್ಕಿತು. ಎದುರಿಗೆ ಅಷ್ಟೂ ಗಂಡಸರು.

"ಅಯ್ಯ, ಇದಕ್ಕ ಬಾಗಲಾ ಇಲ್ಲೇನ್ರಿ?" ಎಂದು ಅಳುವ ದನಿಯಲ್ಲಿ ಕೂಗಿದರು.

"ಸಾವಕಾರ್ರ, ಬಾಯಿಯವ್ರು ಬಾಗಲಾ ಕೇಳಾಕತ್ತಾರ ನೋಡ್ರಿ" ಎಂದೆ ಮುಳ್ಳಿನ ಈಚೆಯಿಂದ. "ಕೊಡ್ರಿ."

ಸಾಹೇಬರು ಸಾಹುಕಾರರ ಕಡೆ ನೋಡಿದರು. ಸಾಹುಕಾರರು ಸೊಸೆಯ ಕಡೆ ನೋಡಿದರು. ಆಮೇಲೆ ನವಿ ಪೇಠದ ಶಾಂತಲಿಂಗಪ್ಪನವರು ಹರಿದ ಅಂಗಿಯಲ್ಲೇ ನಡೆದು ಹೋಗಿ, ಗುಡಿಸಲಿಗೆ ಬೆನ್ನು ಹಾಕಿ, ಧೋತರದ ಚುಂಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಕಣ್ಣು ಮುಚ್ಚಿ ಅಡ್ಡ ನಿಂತರು.